ಅಮ್ಮನ ನೂರಾ ಹನ್ನೊಂದು ಕೋಣೆಗಳು

ಕಳೆದ ಶನಿವಾರ ಬೆಳಗ್ಗೆ ನನ್ನ ಲ್ಯಾಪ್‌ಟಾಪ್ ನನ್ನನ್ನು ಸುಳ್ಳಿ ಅಂದಿತು.

ಭಾಷೆಯೇನೋ ಸಭ್ಯವಾಗಿಯೇ ಇತ್ತು. ‘ಇದು ಅಮೆರಿಕದ ಆವೃತ್ತಿಯಲ್ಲ, ದಯವಿಟ್ಟು ಸರಿಯಾದ ಫೈಲ್ ಕೊಡಿ.’ ಅಷ್ಟೇ. ಆದರೆ ನನ್ನ ಹತ್ತಿರ ಇದ್ದ ಗೇಮ್ ಕ್ಯಾಸೆಟ್ ಅಮೆರಿಕದ್ದೇ. ದೊಡ್ಡಮ್ಮ ಅಲ್ಲಿಂದ ಬರುವಾಗ ಸೂಟ್‌ಕೇಸಿನಲ್ಲಿ ಸ್ವೆಟರ್‌ಗಳ ಮಧ್ಯೆ ಇಟ್ಟುಕೊಂಡು ತಂದಿದ್ದು. ಅದರ ಬೆನ್ನಿಗೆ ಅಲ್ಲಿನ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಹಾಗಾದರೆ ಸುಳ್ಳು ಹೇಳುತ್ತಿದ್ದವರು ಯಾರು?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮ ಮನೆಯಲ್ಲಿ ವಿಡಿಯೋ ಗೇಮ್ ಆಡುತ್ತಿದ್ದವರು ಅಮ್ಮ. (ಹೌದು, ಅಮ್ಮ. ಈ ವಾರ ಈ ವಾಕ್ಯವನ್ನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಬೇಕಾಗಿ ಬಂತು.) ಟಿವಿಗೆ ಸಿಕ್ಕಿಸಿ ಆಡುವ ಆ ಕನ್ಸೋಲ್ ದೊಡ್ಡಮ್ಮ ತಂದಿದ್ದು ನನಗಾಗಿಯೇ. ನನಗೆ ಆಗ ಆರು ವರ್ಷ, ಎರಡು ವಾರದಲ್ಲಿ ಬೇಜಾರಾಯಿತು. ಅಮ್ಮನಿಗೆ ಆಗಲಿಲ್ಲ. ಅವರು ಆಗ ಬೆಂಗಳೂರಿನ ಶ್ರೀನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು, ಊಟ ಮಾಡಿ, ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಆಟ ಒಂದು ದೊಡ್ಡ ಕೋಟೆಯದ್ದು. ಒಳಗೆ ನೂರಾ ಇಪ್ಪತ್ತು ಕೋಣೆ. ಪ್ರತಿ ಕೋಣೆಗೂ ಒಂದು ಒಗಟು. ಬಿಡಿಸಿದರೆ ಮುಂದಿನ ಬಾಗಿಲು ತೆಗೆಯುತ್ತದೆ. ಅಮ್ಮ ಗ್ರಾಫ್ ಹಾಳೆಯಲ್ಲಿ ಕೋಟೆಯ ನಕ್ಷೆ ಹಾಕಿಕೊಂಡು ಆಡುತ್ತಿದ್ದರು. ಮೂರು ವರ್ಷದಲ್ಲಿ ನೂರಾ ಹನ್ನೊಂದು ಕೋಣೆ ಮುಗಿಸಿದ್ದರು.

ಆಮೇಲೆ ಒಂದು ಗೌರಿ ಹಬ್ಬದ ದಿನ ಚಿಕ್ಕಪ್ಪ ಬಂದರು. ಅಮೆರಿಕದ ಕನ್ಸೋಲ್‌ಗೆ ನಮ್ಮ ಕರೆಂಟು ಆಗುವುದಿಲ್ಲ, ನಡುವೆ ಇಟ್ಟಿಗೆಯಷ್ಟು ದಪ್ಪದ ಟ್ರಾನ್ಸ್‌ಫಾರ್ಮರ್ ಇರಬೇಕು. ಚಿಕ್ಕಪ್ಪನಿಗೆ ಅದು ನೋಡೋಕೆ ಚೆನ್ನಾಗಿ ಕಾಣಲಿಲ್ಲ. ಹಬ್ಬದ ದಿನ ಹಾಲ್‌ನಲ್ಲಿ ಇಷ್ಟೊಂದು ವೈರ್ ಯಾಕೆ ಅಂತ ಅದನ್ನು ತೆಗೆದು ಅಟ್ಟಕ್ಕೆ ಹಾಕಿ, ಕನ್ಸೋಲನ್ನು ನೇರ ಗೋಡೆಗೆ ಸಿಕ್ಕಿಸಿ ಆನ್ ಮಾಡಿದರು. ಸುಟ್ಟ ವಾಸನೆ ಬಂತು. ಕನ್ಸೋಲ್ ಕತೆ ಮುಗಿಯಿತು. ‘ನೀಟಾಗಿರ್ಲಿ ಅಂತ ಮಾಡ್ದೆ ಅತ್ತಿಗೆ’ ಅಂದರು. ಅಮ್ಮ ಕಾಯಿ ಹೋಳಿಗೆ ಬಡಿಸಿದರು.

ಕ್ಯಾಸೆಟ್ ಮಾತ್ರ ಉಳಿಯಿತು. ಅಮ್ಮ ಅದನ್ನು ಒಂದು ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟರು. ಅದರೊಳಗೆ ಅಂಗಿಯ ಗುಂಡಿಯಷ್ಟು ಚಿಕ್ಕ ಬ್ಯಾಟರಿ ಇರುತ್ತದೆ. ಆಡಿದವರು ಎಲ್ಲಿಯವರೆಗೆ ಬಂದಿದ್ದಾರೆ ಅನ್ನುವುದನ್ನು ನೆನಪಿಟ್ಟುಕೊಳ್ಳುವುದು ಆ ಬ್ಯಾಟರಿಯ ಕೆಲಸ. ಅದು ಇರುವವರೆಗೆ ಅಮ್ಮನ ನೂರಾ ಹನ್ನೊಂದು ಕೋಣೆಯೂ ಇರುತ್ತದೆ. ಇಪ್ಪತ್ತು ವರ್ಷ ದಾಟಿದ ಬ್ಯಾಟರಿ. ಇವತ್ತು ಹೋಗುತ್ತದೋ ನಾಳೆಯೋ, ಯಾರಿಗೆ ಗೊತ್ತು?

ಹಾಗಿರುವಾಗ ಮೊನ್ನೆ ನನಗೊಂದು ವಿಷಯ ಗೊತ್ತಾಯಿತು. ಯಾವುದೋ ದೇಶಗಳಲ್ಲಿ ಕೂತ ಕೆಲವು ಅಭಿಮಾನಿಗಳು, ಒಂದು ರೂಪಾಯಿ ಲಾಭ ಇಲ್ಲದೆ, ವರ್ಷಗಟ್ಟಲೆ ಕೂತು, ಆ ಹಳೆಯ ಆಟ ಇವತ್ತಿನ ಕಂಪ್ಯೂಟರಿನಲ್ಲಿ ನೇರವಾಗಿ ಓಡುವ ಹಾಗೆ ಬರೆದಿದ್ದಾರೆ. ಕಂಪನಿಯ ಅಪ್ಪಣೆ ಇಲ್ಲದ ಕೆಲಸ. (ಕಂಪನಿ ಈ ಆಟವನ್ನು ಮಾರುವುದನ್ನು ಯಾವಾಗಲೋ ನಿಲ್ಲಿಸಿದೆ. ದುಡ್ಡು ಕೊಡುತ್ತೇನೆಂದರೂ ಸಿಗುವುದಿಲ್ಲ. ತಾವೂ ಮಾರೋದಿಲ್ಲ, ಬೇರೆಯವರು ಮುಟ್ಟಿದರೆ ಮುಖ ಗಂಟು ಹಾಕುತ್ತಾರೆ. ಅದರ ಬಗ್ಗೆ ಇನ್ನೊಂದು ದಿನ ಸಿಟ್ಟು ಮಾಡಿಕೊಳ್ಳೋಣ.) ಅಭಿಮಾನಿಗಳ ಈ ಪ್ರೋಗ್ರಾಮಿನಲ್ಲಿ ಅಕ್ಷರ ದೊಡ್ಡದು ಮಾಡಬಹುದು. ಯಾವ ಬಟನ್ ಬೇಕಾದರೂ ಯಾವ ಕೀಗೆ ಬೇಕಾದರೂ ಬದಲಾಯಿಸಿಕೊಳ್ಳಬಹುದು. ಅಮ್ಮನಿಗೆ ಈಗ ಬೆರಳಿನ ಗಿಣ್ಣುಗಳು ಊದಿಕೊಳ್ಳುತ್ತವೆ. ಪೇಪರ್ ಓದುವಾಗ ಹಾಳೆಯನ್ನು ಮೊಣಕೈಯಲ್ಲಿ ಒತ್ತಿಕೊಂಡು ತಿರುವುತ್ತಾರೆ. ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಒಂದೇ ಷರತ್ತು. ಆಟದ ಚಿತ್ರ, ಸಂಗೀತ ಯಾವುದನ್ನೂ ಆ ಅಭಿಮಾನಿಗಳು ಕೊಡುವುದಿಲ್ಲ. ಅಸಲಿ ಕ್ಯಾಸೆಟ್ ನಿಮ್ಮ ಹತ್ತಿರ ಇರಬೇಕು, ಅದರ ನಕಲನ್ನು ನೀವೇ ತೆಗೆದು ಕೊಡಬೇಕು. ಪ್ರೋಗ್ರಾಮ್ ಪರೀಕ್ಷೆ ಮಾಡಿ ಒಪ್ಪಿಕೊಳ್ಳುತ್ತದೆ. ಈ ಕಟ್ಟುನಿಟ್ಟು ನನಗೆ ತುಂಬಾ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು, ಹಳೆಯ ಕ್ಯಾಸೆಟ್‌ನ ಸೇವ್ ಅನ್ನೂ, ಅಂದರೆ ಬ್ಯಾಟರಿ ನೆನಪಿಟ್ಟುಕೊಂಡದ್ದನ್ನೂ, ಇದರೊಳಗೆ ತರಬಹುದು ಅನ್ನುವುದು. ಅಂದರೆ ಅಮ್ಮ ನೂರಾ ಹನ್ನೆರಡನೇ ಕೋಣೆಯಿಂದ ಮುಂದುವರಿಸಬಹುದು.

ಕ್ಯಾಸೆಟ್ ಓದುವ ಯಂತ್ರ ನನ್ನ ಹತ್ತಿರ ಇರಲಿಲ್ಲ. ಪುಟ್ಟೇನಹಳ್ಳಿ ಕಡೆ ಹಳೆಯ ಗೇಮ್ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಇತ್ತು. ಬುಧವಾರ ಹೋದೆ. ಬಾಯಿಮಾತು ಬೇಡ ಅಂತ ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ. ಆಟ ಕಾಪಿ ಮಾಡಿ. ಸೇವ್ ಕಾಪಿ ಮಾಡಿ. ಕ್ಯಾಸೆಟ್ ಬಿಚ್ಚಬೇಡಿ. ಮೂರನೆಯದಕ್ಕೆ ಎರಡು ಗೆರೆ ಎಳೆದಿದ್ದೆ.

ಅಂಗಡಿಯವರು ಚೀಟಿಯನ್ನು ನೋಡಿದರು. ಓದಿದರು ಅಂತ ಹೇಳಲಾರೆ.

‘ನಿಮ್ಮ ತಮ್ಮಂದಾ ಮೇಡಂ?’

‘ಅಲ್ಲ. ನಮ್ಮಮ್ಮಂದು.’

‘ಅಮ್ಮ ಆಡ್ತಾರಾ?’

‘ಹೌದು, ನಮ್ಮಮ್ಮನೇ ಆಡೋದು.’

‘ಸಖತ್ ಮೇಡಂ.’ ನಕ್ಕರು. ‘ಬಿಟ್ಟೋಗಿ. ಶುಕ್ರವಾರ ಸಂಜೆ ಬನ್ನಿ.’

‘ಬಿಚ್ಚಬೇಡಿ ಸಾರ್. ಒಳಗಡೆ ಸೇವ್ ಇದೆ.’

‘ಆಯ್ತು ಮೇಡಂ, ಆಯ್ತು.’

ಶುಕ್ರವಾರ ಕ್ಯಾಸೆಟ್ ಜೊತೆ ಒಂದು ಪೆನ್‌ಡ್ರೈವ್ ಕೊಟ್ಟರು. ಶನಿವಾರ ಬೆಳಗ್ಗೆ ಅದನ್ನು ಹಾಕಿದಾಗಲೇ ಲ್ಯಾಪ್‌ಟಾಪ್ ನನ್ನನ್ನು ಸುಳ್ಳಿ ಅಂದಿದ್ದು. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಒಂದೇ ಫೈಲ್. ಸೇವ್ ಇರಲಿಲ್ಲ. ಒಂದು ಗಂಟೆಯೊಳಗೆ ಮತ್ತೆ ಪುಟ್ಟೇನಹಳ್ಳಿಯಲ್ಲಿದ್ದೆ.

‘ಇದು ನನ್ನ ಕ್ಯಾಸೆಟ್ಟಿಂದ ತೆಗೆದಿದ್ದಲ್ಲ ಅಲ್ವಾ ಸಾರ್?’

‘ಎಲ್ಲಾ ಒಂದೇ ಮೇಡಂ. ನೆಟ್‌ನಲ್ಲೇ ಸಿಗತ್ತೆ. ಡೌನ್‌ಲೋಡ್ ಮಾಡಿ ಹಾಕ್ಕೊಟ್ಟೆ. ನಿಮ್ಮ ಟೈಮ್ ಉಳೀತು.’

‘ಫೈಲಿನ ಹೆಸರಲ್ಲೇ ಇದೆ, ಇದು ಯುರೋಪಿಂದು. ನಂದು ಅಮೆರಿಕದ್ದು. ಇದನ್ನ ತಗೊಳಲ್ಲ ಆ ಪ್ರೋಗ್ರಾಮ್.’

‘ಹೌದಾ? ಒಳಗೆ ಗೇಮ್ ಸೇಮ್ ಇರತ್ತೆ ಮೇಡಂ.’

‘ಸೇವ್ ಎಲ್ಲಿ?’

ಆಗ ಅವರು ಖುಷಿಯಾಗಿ, ದೇವರಾಣೆ ಖುಷಿಯಾಗಿ, ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು ತೋರಿಸಿದರು. ‘ಇದರ ಬ್ಯಾಟರಿ ಪೂರ್ತಿ ಹಳೇದಾಗಿತ್ತು. ಹೊಸದು ಬೆಸುಗೆ ಹಾಕಿದೀನಿ. ಅದಕ್ಕೆ ನಿಮ್ಮತ್ರ ದುಡ್ಡು ತಗೊಂಡಿಲ್ಲ. ಇನ್ನು ಇಪ್ಪತ್ತು ವರ್ಷ ಯೋಚನೆ ಇಲ್ಲ ಮೇಡಂ.’

ನಾನು ಅವರ ಎದುರೇ ಕೂತು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿಸಿದೆ. ಆಟ ಸರಿಯಾಗಿ ಕಾಪಿ ಆಯಿತು. ನಾಲ್ಕು ನಿಮಿಷದ ಕೆಲಸ. (ನಾಲ್ಕೇ ನಿಮಿಷ.) ಸೇವ್ ಕೂಡ ಕಾಪಿ ಆಯಿತು. ಅದರಲ್ಲಿ ಮೂರು ಜಾಗ, ಮೂರೂ ಖಾಲಿ. ಹಳೆಯ ಬ್ಯಾಟರಿ ಕಿತ್ತ ಕ್ಷಣವೇ ಅಳಿಸಿಹೋಗಿತ್ತು.

‘ಚೀಟಿಯಲ್ಲಿ ಬರೆದಿದ್ದೆ’ ಅಂದೆ.

‘ಒಳ್ಳೇದಕ್ಕೇ ಮಾಡಿದ್ದು ಮೇಡಂ. ಗೇಮ್ ತಾನೇ? ಅಮ್ಮ ಮೊದಲಿಂದ ಆಡ್ಲಿ ಬಿಡಿ. ಟೈಮ್‌ಪಾಸ್ ಆಗತ್ತೆ.’

ಓದುಗರೇ, ನಾನು ಜಗಳ ಆಡುವವಳಲ್ಲ. ಅಂಗಡಿಯಲ್ಲಿ ದನಿ ಏರಿಸಿದ್ದು ನೆನಪಿಲ್ಲ. ಅವತ್ತೂ ಏರಿಸಲಿಲ್ಲ. ಜಗಳವನ್ನೆಲ್ಲ ಆಟೋದಲ್ಲಿ ವಾಪಸ್ ಬರುವಾಗ ಮನಸ್ಸಿನಲ್ಲೇ ಆಡಿದೆ. ಯಾಕೆ ನಮ್ಮೂರಲ್ಲಿ ಯಾರಿಗೂ ಹೇಳಿದಷ್ಟನ್ನು ಮಾಡಲು ಆಗುವುದಿಲ್ಲ? ಬ್ಲೌಸಿಗೆ ಲೈನಿಂಗ್ ಬೇಡ ಅಂದರೆ ಟೈಲರ್ ಹಾಕಿಯೇ ಕೊಡುತ್ತಾರೆ, ‘ಚೆನ್ನಾಗಿ ಕಾಣತ್ತೆ’ ಅಂತ. ಪಾರ್ಲರ್‌ನಲ್ಲಿ ತುದಿ ಮಾತ್ರ ಅಂದರೆ ಅರ್ಧ ಕೂದಲು ನೆಲದ ಮೇಲೆ ಇರುತ್ತದೆ, ‘ನಿಮ್ಮ ಮುಖಕ್ಕೆ ಇದೇ ಸೂಟ್’ ಅಂತ. ನಮ್ಮ ರಸ್ತೆಯ ಅಂಕಲ್ ಒಬ್ಬರು ನಾನು ಸ್ಕೂಟರ್ ನಿಲ್ಲಿಸಿದ ಜಾಗ ಸರಿಯಿಲ್ಲ ಅಂತ ತಾವೇ ಎಳೆದು ಬೇರೆ ಕಡೆ ನಿಲ್ಲಿಸಿ, ಆಮೇಲೆ ಬೆಲ್ ಮಾಡಿ ಹೇಳುತ್ತಾರೆ. ಎಲ್ಲರದ್ದೂ ಒಳ್ಳೆಯ ಉದ್ದೇಶ. ಆ ಉದ್ದೇಶದ ಮುಂದೆ ನಮ್ಮ ಮಾತಿಗೆ ಕಿಮ್ಮತ್ತೇ ಇಲ್ಲ. ಅದೂ ಹೇಳಿದವರು ಹೆಂಗಸಾದರೆ, ಕೇಳುತ್ತಿರುವುದು ಆಟದ ವಿಷಯವಾದರೆ, ಮುಗಿದೇ ಹೋಯಿತು. ಇವಳಿಗೆ ಏನು ಬೇಕು ಅನ್ನುವುದು ಇವಳಿಗೇನು ಗೊತ್ತು?

ಗುರುತು ಪರಿಚಯ ಇಲ್ಲದ ಆ ಅಭಿಮಾನಿಗಳು ಬರೆದ ಪ್ರೋಗ್ರಾಮ್ ಒಂದು ಫೈಲ್ ಅಳಿಸುವ ಮೊದಲು ‘ಖಂಡಿತವಾ?’ ಅಂತ ಎರಡು ಸಲ ಕೇಳುತ್ತದೆ. ಅಂಗಡಿಯ ಮನುಷ್ಯ ಒಂದು ಸಲವೂ ಕೇಳಲಿಲ್ಲ. ಒಂದು ಫೋನ್ ಸಾಕಿತ್ತು. ಚೀಟಿಯಲ್ಲಿ ನಂಬರೂ ಇತ್ತು.

ಬನಶಂಕರಿಯ ನಮ್ಮ ಮನೆಗೆ ಬಂದಾಗ ಅಮ್ಮ ಊಟ ಮುಗಿಸಿ ಪೇಪರ್ ಓದುತ್ತಿದ್ದರು. ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದೆ. ಕೋಟೆ ಬಂತು. ಹಳೆಯ ಟಿವಿಯಲ್ಲಿ ಮಸುಕಾಗಿದ್ದ ಕೋಟೆಯ ಕಲ್ಲು ಕಲ್ಲೂ ಕಾಣುತ್ತಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡರು. ಒಂದು ಕ್ಷಣ ಅವರ ಮುಖ ನೋಡಬೇಕಿತ್ತು ನೀವು. ನಾನು ಅದನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವರು ಸೇವ್ ಕೇಳುತ್ತಾರೆ ಅಂತ ಗೊತ್ತಿತ್ತು. ಎಲ್ಲಾ ಹೇಳಿದೆ.

‘ಮೂರೂ ಖಾಲಿನಾ?’

‘ಹೂಂ.’

ಅಮ್ಮ ಪೇಪರನ್ನು ಮಡಿಚಿ ಪಕ್ಕಕ್ಕಿಟ್ಟರು. ನಾನೇ ಮಾತಾಡಿದೆ. ಅಂಗಡಿಯವನು ಎಂಥವನು, ಚೀಟಿಯಲ್ಲಿ ಏನೇನು ಬರೆದಿದ್ದೆ, ಎರಡು ಗೆರೆ ಹೇಗೆ ಎಳೆದಿದ್ದೆ, ಎಲ್ಲ.

‘ಅವನಿಗೆ ಯಾವತ್ತು ಕೊಟ್ಟೆ?’

‘ಬುಧವಾರ.’

‘ನನ್ನ ಬೀರುವಿಂದ ತಗೊಂಡ್ಯಾ?’

‘ನಿಂಗೆ ಸರ್ಪ್ರೈಸ್ ಕೊಡೋಣ ಅಂತಮ್ಮಾ. ಖುಷಿಯಾಗತ್ತೆ ಅಂದ್ಕೊಂಡೆ.’

‘ಅವನೂ ಹಂಗೇ ಅಂದ್ಕೊಂಡ್ನಲ್ಲ.’

ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ತಪ್ಪಿದ ಹೆಜ್ಜೆಯ ಕೆಳಗೆ ಗೆರೆ ಎಳೆಯುವ ದನಿ ಅದು.

‘ಒಂದು ಮಾತು ಕೇಳಿದ್ರೆ ನಾನೂ ಬರ್ತಿದ್ದೆ. ಎದುರಿಗೇ ಕೂತು ಮಾಡಿಸ್ತಿದ್ದೆ. ಮೂವತ್ತು ವರ್ಷ ಕ್ಲಾಸ್ ತಗೊಂಡಿದೀನಿ. ಎರಡೆರಡು ಸಲ ‘ಆಯ್ತು ಮಿಸ್, ಆಯ್ತು’ ಅಂದೋರು ಒಂದು ಸಲನೂ ಕೇಳಿಸ್ಕೊಂಡಿರಲ್ಲ. ನಂಗೆ ಗೊತ್ತಾಗ್ತಿತ್ತು.’

ಟಿವಿಯಲ್ಲಿ ಕೋಟೆ ಹಾಗೇ ನಿಂತಿತ್ತು. ‘ಶುರು ಮಾಡ್ತೀಯಾ?’ ಅಂತ ಕೇಳಿದೆ. (ಈಗ ಕೇಳಿದೆ.) ‘ಇವತ್ತು ಬೇಡ’ ಅಂದು ಅಮ್ಮ ಪೇಪರ್ ಎತ್ತಿಕೊಂಡರು. ಇದನ್ನು ಬರೆಯುವ ಹೊತ್ತಿನವರೆಗೂ ಶುರು ಮಾಡಿಲ್ಲ.

ಆ ಅಂಗಡಿಯ ಬಗ್ಗೆ ಒಂದು ಉದ್ದನೆಯ ರಿವ್ಯೂ ಬರೆದಿಟ್ಟಿದ್ದೇನೆ. ಒಂದೇ ಸ್ಟಾರ್. ಪ್ರತಿ ವಾಕ್ಯವೂ ಸತ್ಯ, ಒಂದು ಪದವೂ ಹೆಚ್ಚಿಲ್ಲ. ಇನ್ನೂ ಪೋಸ್ಟ್ ಮಾಡಿಲ್ಲ. ಅದರ ಮೊದಲ ವಾಕ್ಯ: ‘ಯಾರ ವಸ್ತುವೋ ಅವರನ್ನು ಒಂದು ಮಾತು ಕೇಳದೆ ಕೈ ಹಾಕುತ್ತಾರೆ.’

ಮೇಲೆ ಯಾರ ಹೆಸರು ಹಾಕಲಿ, ಅಂಗಡಿಯದ್ದಾ, ನನ್ನದಾ?