ಮಣ್ಣುಮುಕ್ಕ ಹಾವಿಗೆ ಅರಿಶಿನ ಕುಂಕುಮ

ಸ್ನೇಹಿತರೇ, ಭಕ್ತಿಗೂ ಒಂದು ಮಿತಿ ಬೇಡವೇ? ಇವತ್ತು ಬೆಳಿಗ್ಗೆ ಐ.ಡಿ.ಹಳ್ಳಿಯ ನಮ್ಮ ಹೊಲದ ಬದುವಿನ ಮೇಲೆ ಒಂದು ಮಣ್ಣುಮುಕ್ಕ ಹಾವು ಮಲಗಿತ್ತು. ಯಾರ ತಂಟೆಗೂ ಹೋಗದ ಜೀವ. ಮೈಯೆಲ್ಲ ಮಣ್ಣಿನದೇ ಬಣ್ಣ, ನಾನೇ ತುಳಿದುಬಿಡುತ್ತಿದ್ದೆ. ಜೊತೆಗಿದ್ದ ನಮ್ಮ ಚಿಕ್ಕಮ್ಮ ನಾಗಪ್ಪನೇ ಬಂದ ಅಂತ ಪೂಜೆಗೆ ಹೊರಟರು.

"ಅಲ್ಲಾಡದೆ ಬಿದ್ದಿದ್ರೆ ಅದು ಹದ್ದಿಗೂ ಕಾಣಲ್ಲ. ಅದರ ಪಾಡಿಗೆ ಬುಟ್ಬುಡು ಚಿಕ್ಕಮ್ಮ" ಅಂದೆ.

ಚಿಕ್ಕಮ್ಮ ಕೇಳಬೇಕಲ್ಲ! ಮನೆಗೆ ಓಡಿ, ಅರಿಶಿನ ಕುಂಕುಮ ತಂದು ಅದರ ಮೈತುಂಬ ಎರಚಿಬಿಟ್ಟರು. ಅಷ್ಟು ಹೊತ್ತು ಪಕ್ಕದಲ್ಲೇ ಕಳೆ ಕೀಳುತ್ತಿದ್ದವರಿಗೆ ಆಗ ಹಾವು ಕಂಡಿತು.

"ಹಾವು ಕಣ್ರಲೇ, ದೊಣ್ಣೆ ತಗಂಬರ್ರಲೇ!" ಎಂದು ಎಲ್ಲರೂ ನುಗ್ಗಿದರು. ನಾನು ಅಡ್ಡ ನಿಂತು ಕಿರುಚಿ ಕಿರುಚಿ ಗಂಟಲು ಕಟ್ಟಿಹೋಯಿತು. ಅಷ್ಟರಲ್ಲಿ ಅದು ಹೇಗೋ ಬಿಲ ಸೇರಿಕೊಂಡಿತು.

ಚಿಕ್ಕಮ್ಮ ಬಿಲಕ್ಕೆ ಕೈಮುಗಿದು, "ನೋಡ್ದಾ, ನನ್ನ ಪೂಜೆನೇ ಅದನ್ನ ಉಳಿಸ್ತು ಕಣ್ಲಾ" ಅನ್ನಬೇಕೇ!