ಜ್ವಾಲಾಮುಖಿಯ ಮೇಲೆ ಮಾವನ ರುಮಾಲು

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಈ ನಿರೂಪಣೆಯನ್ನು ತಿದ್ದಿಕೊಡಲು ಮನೆಯಲ್ಲಿ ಯಾರೂ ಇಲ್ಲದ ಕಾರಣ, ದೋಷಗಳಿದ್ದಲ್ಲಿ ಬಲ್ಲವರು ಮನ್ನಿಸಬೇಕು.

ಆಗ ನಾನು ಪೂರ್ವ ಆಫ್ರಿಕದ ರೈಲ್ವೆಯಲ್ಲಿ ಗುಮಾಸ್ತನಾಗಿದ್ದೆ. ಇಳಕಲ್ಲಿನ ನನ್ನ ಸೋದರಮಾವ ಆಫ್ರಿಕದಲ್ಲಿಯೇ ಬಟ್ಟೆಯಂಗಡಿ ಇಟ್ಟಿದ್ದರು. ಊರಲ್ಲಿದ್ದ ಅವರ ಮಗಳನ್ನು ನಾನು ಬಯಸಿದ್ದೆ. ಅವರಾದರೋ ಹುನಗುಂದದ ಹೊಲವುಳ್ಳ ವರನತ್ತ ವಾಲಿದ್ದರು. ಮಾತೆತ್ತಿದಾಗಲೆಲ್ಲ ಎದ್ದು ಹೋಗುತ್ತಿದ್ದರು. ಎದ್ದು ಹೋಗಲು ಆಸ್ಪದವಿಲ್ಲದ ಸ್ಥಳವೆಂದು ನಾನು ಅವರನ್ನು ತಣ್ಣಗಾದ ಜ್ವಾಲಾಮುಖಿಯೊಂದರ ತುದಿಗೆ ಕರೆದೊಯ್ದೆ.

ಬುಡದಲ್ಲಿ ಪಟ್ಟೆಕುದುರೆಗಳು ಮೇಯುತ್ತಿದ್ದವು. ಜಿರಾಫೆಯೊಂದು ಮುಳ್ಳುಮರದ ಮೇಲಿಂದ ನಮ್ಮನ್ನು ನೋಡಿತು.

"ಒಂಟೆ ಕುತ್ತಿಗಿಗೆ ಏಣಿ ಕಟ್ಟ್ಯಾರೇನಲೇ?" ಎಂದರು ಮಾವ.

ತುದಿಯಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಬಬೂನ್ ಕೋತಿಯೊಂದು ಮಾವನ ರುಮಾಲನ್ನು ಕಿತ್ತುಕೊಂಡು ಕುಳಿಯೊಳಗೆ ಇಳಿದುಹೋಯಿತು. ನಮ್ಮಲ್ಲಿ ತಂದೆ ತೀರಿದವನು ಮಾತ್ರ ಬರಿದಲೆಯಲ್ಲಿ ತಿರುಗುತ್ತಾನೆ.

"ಬರೇ ತಲೀಲೆ ಹೆಂಗ ಇಳೀಲಿ? ನಮ್ಮಪ್ಪ ಇನ್ನೂ ಗಟ್ಟಿ ಅದಾನಲೇ!"

ನನ್ನ ತಂದೆಯೂ ಗಟ್ಟಿಯಾಗಿದ್ದರು. ಆದ್ದರಿಂದ ನನ್ನ ರುಮಾಲನ್ನು ಎರಡಾಗಿ ಹರಿಯಲು ಹೋದೆ.

"ನೇಕಾರ್ರ ಮನ್ಯಾಗ ಹುಟ್ಟಿ ಅರಿವಿ ಹರೀತಿಯೇನಲೇ?" ಎಂದು ಮಾವ ಕೈ ಹಿಡಿದರು.

ಕಡೆಗೆ ಒಂದು ತುದಿಯನ್ನು ಅವರೂ ಇನ್ನೊಂದನ್ನು ನಾನೂ ಸುತ್ತಿಕೊಂಡು ಜೋಡೆತ್ತುಗಳಂತೆ ಇಳಿದೆವು. ಪಟ್ಟೆಕುದುರೆಗಳು ಮೇವು ಬಿಟ್ಟು ನೋಡಿದವು. ಮಾವ ಎದ್ದು ಹೋಗುವಂತಿರಲಿಲ್ಲ, ನಾನು ಕೇಳಿಯೇಬಿಟ್ಟೆ.

"ನನ್ನ ಮಗಳಿಗೆ ಹಾಕೋ ಗಂಟು ನನಗ ಹಾಕಿದೆಲ್ಲೋ ಅಳಿಯಾ! ಕೊಟ್ಟೆ, ತಗೋ. ಮೊದಲ ಇದನ್ನ ಬಿಚ್ಚು."

ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತು. ಮಡದಿ ನನ್ನೊಡನೆ ಆಫ್ರಿಕಕ್ಕೆ ಬಂದಳು. ಮಾವ ತಾವೇ ಅಡಿಗೆ ಮಾಡಿಕೊಳ್ಳುವುದನ್ನು ಬಿಟ್ಟು ನಮ್ಮ ಮನೆಯಲ್ಲಿ ಉಣ್ಣತೊಡಗಿದರು.