ಗಾರ್ಡ್ ಮಾಮ ಕಟ್ಟಿದ ಡಬ್ಬಿ

ಕಳೆದ ಗುರುವಾರ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಬಾಗಿಲು ಕೂರಿಸುತ್ತಿದ್ದರು. ಬಡಗಿ ಸಾಗುವಾನಿಯ ಅಂಚಿಗೆ ರಂದಾ ಹೊಡೆದಂತೆಲ್ಲ ಸುರುಳಿ ಸುರುಳಿ ಹೊಟ್ಟು ಉದುರಿ, ಕೋಣೆ ತುಂಬ ಆ ವಾಸನೆ... ಎಣ್ಣೆಯ ಹಾಗೆ, ಹಳೆಯ ಚರ್ಮದ ಹಾಗೆ, ಸ್ವಲ್ಪ ಕಹಿ. ನನ್ನ ಮುಂದೆ ಎಂಟನೇ ತರಗತಿಯ ಡ್ರಾಯಿಂಗ್ ಪುಸ್ತಕಗಳ ರಾಶಿಯಿತ್ತು. ತಿದ್ದುವ ಕೈ ನಿಂತುಹೋಯಿತು. ಗಾರ್ಡ್ ಮಾಮನನ್ನು ನೆನೆಯದೆ ಎಷ್ಟು ಕಾಲವಾಗಿತ್ತೋ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದೇ ಗೋಡೆಯ ಎರಡು ಬದಿಗೆ ಬಾಡಿಗೆಗಿದ್ದೆವು. ಈಚೆ ನಾನೊಬ್ಬಳು, ಆಚೆ ಅವರಿಬ್ಬರು. ಅವರು ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾಗಿದ್ದರು. ಸಂಡೂರಿನ ಅದಿರು ಹೊತ್ತ ರೈಲಿನ ಕಟ್ಟಕಡೆಗೆ ಒಂದು ಗಿಡ್ಡ ಡಬ್ಬಿ ಇರುತ್ತಿತ್ತಲ್ಲ, ಮೂವತ್ತು ವರ್ಷ ಅದರಲ್ಲೇ ಒಬ್ಬರೇ ಕುಳಿತು ಹೋಗಿ ಬಂದವರು. ಬೀದಿಯವರೆಲ್ಲ ಗಾರ್ಡ್ ಮಾಮ ಎನ್ನುತ್ತಿದ್ದರು, ನಾನೂ ಎಂದೆ. ಅವರ ಹೆಂಡತಿಯನ್ನು ಅತ್ತಿ ಎಂದೆ. ನಾನು ಆ ಮನೆಗೆ ಬರುವ ಹೊತ್ತಿಗೆ ಅತ್ತಿಗೆ ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದೂ ಮಂಜಾಗುತ್ತಿತ್ತು.

ಒಂದು ಸಂಜೆ ಮಾಮ ನನ್ನ ಬಾಗಿಲಿಗೆ ಬಂದು ನಿಂತರು.

"ಟೀಚರಮ್ಮಾ, ನನಗೊಂದು ನಕ್ಷಿ ಬರದು ಕೊಡ್ತೀರೇನ್ರಿ? ನನ್ನ ಡಬ್ಬಿದು. ಅಡಿಗೆ ಒಂದು ಇಂಚಿನಂಗ. ನಾ ಅದನ್ನ ಸಣ್ಣದು ಮಾಡಿ ಕಟ್ಟಬೇಕಂತೀನಿ."

ಯಾಕೆ ಎಂದು ಕೇಳಿದೆ. ಅವರು ತಮ್ಮ ಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅಕಿ ಒಮ್ಮೆನೂ ಅದರೊಳಗ ಬಂದಿಲ್ರಿ. ನಾ ಎಲ್ಲಿ ಇರ್ತಿದ್ದೆ ಅಂತ ಅಕಿಗೆ ಗೊತ್ತೇ ಇಲ್ಲ. ಕಣ್ಣು ಹೋದ್ರೂ ಕೈ ಅದಾವಲ್ಲ."

ಊರ ಹೊರಗಿನ ಸೈಡಿಂಗಿನಲ್ಲಿ, ಹಳೆಯ ಬೋಗಿ ನಿಲ್ಲಿಸುವ ಪಕ್ಕದ ಹಳಿಯ ಮೇಲೆ, ಅಂಥದೇ ಹಳೆಯ ಡಬ್ಬಿ ನಿಂತಿದೆ ಎಂದು ಅವರಿಗೆ ಗೊತ್ತಿತ್ತು. ಅಳತೆ ತೆಗೆಯಲು ಭಾನುವಾರ ಬೆಳಿಗ್ಗೆ ಆಟೋ ಮಾಡಿಕೊಂಡು ಹೋದೆವು. ಹೋಗಿ ನೋಡಿದರೆ ಗುಜರಿಯವರು ಗ್ಯಾಸ್ ಕಟರ್ ಹಿಡಿದು ಅದನ್ನು ಅರ್ಧಕ್ಕರ್ಧ ಕೊಯ್ದಿದ್ದರು. ಛಾವಣಿ ಒಂದು ಕಡೆ, ಗಾಲಿಗಳು ಒಂದು ಕಡೆ. ಮಾಮ ತಂದಿದ್ದ ಟೇಪನ್ನು ಬಿಚ್ಚಲೇ ಇಲ್ಲ. ಕತ್ತರಿಸುವವರು ಬೀಡಿ ಹಚ್ಚಿ "ಏನ್ ಬೇಕ್ರಿ ಯಜಮಾನ್ರ?" ಎಂದರು. "ಏನಿಲ್ಲಪ್ಪ" ಎಂದು ಮಾಮ ತಿರುಗಿದರು.

ಆಮೇಲೆ ನಕ್ಷೆ ತಯಾರಾಗಿದ್ದು ಅವರ ಮೈಯಿಂದಲೇ. ನಮ್ಮ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಬೆಂಚಿನ ಮೇಲೆ ಕುಳಿತಂತೆ ಮೊಣಕಾಲು ಮಡಚಿ ನಿಲ್ಲುತ್ತಿದ್ದರು. "ಹಾಂ, ಇಷ್ಟೆತ್ತರ, ಅಳೀರಿ." ಬ್ರೇಕಿನ ಚಕ್ರ ಎದೆಗೆ ಎಲ್ಲಿ ತಾಗುತ್ತಿತ್ತು, ಬಾಗಿಲಲ್ಲಿ ತಲೆ ಎಷ್ಟು ಬಗ್ಗಿಸಬೇಕಿತ್ತು, ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆ, ಎಲ್ಲವನ್ನೂ ಹಾಗೇ ಹೇಳಿದರು. ನಾನು ಟೇಪು ಹಿಡಿದು ಬರೆದುಕೊಂಡೆ. ಅರವತ್ತೆರಡರ ಮನುಷ್ಯ, ನಡುನಡುವೆ ಗೋಡೆ ಹಿಡಿದು ಎದ್ದು ಮತ್ತೆ ಹಾಗೇ ನಿಲ್ಲುತ್ತಿದ್ದರು.

ಕಟ್ಟಲು ಒಂದು ವರ್ಷದ ಮೇಲಾಯಿತು. ಯಾರೋ ಕೆಡವಿದ ಮನೆಯ ಸಾಗುವಾನಿ ಬಾಗಿಲನ್ನು ಮರಿಯಮ್ಮನಹಳ್ಳಿಯಿಂದ ತಂದರು. ಅದನ್ನು ಸೀಳಿ ಪಟ್ಟಿ ಮಾಡಿ ಗೋಡೆ ನಿಲ್ಲಿಸಿದರು. ಎಣ್ಣೆ ಡಬ್ಬದ ತಗಡನ್ನು ಬಾಗಿಸಿ ಛಾವಣಿ ಮಾಡಿದರು, ಅದನ್ನು ಮುಚ್ಚಳದಂತೆ ಎತ್ತಬಹುದಿತ್ತು. ಗುಂಡುಸೂಜಿಗಳ ತಲೆ ಕತ್ತರಿಸಿ ಒಂದೊಂದೇ ಅಂಟಿಸಿದರು, ಅವು ರಿವಿಟ್ಟುಗಳು. ಗಾಲಿಗಳನ್ನು ಮಾತ್ರ ಲೇತ್ ಅಂಗಡಿಯಲ್ಲಿ ಮಾಡಿಸಿದರು. ಒಳಗಿನ ಪುಟ್ಟ ಚಕ್ರ ತಿರುಗಿಸಿದರೆ ಕೆಳಗೆ ಬ್ರೇಕು ಗಾಲಿಯನ್ನು ಒತ್ತಬೇಕು ಎಂದು ಹಟ ಹಿಡಿದು ಮೂರು ಸಲ ಬಿಚ್ಚಿದರು. ಶಾಲೆ ಬಿಟ್ಟು ಸುಸ್ತಾಗಿ ಬಂದು ನಾನು ಕಾಲು ಚಾಚಿದರೆ ಗೋಡೆಯಾಚೆ ಪಾಲಿಶ್ ಪೇಪರು ಉಜ್ಜುವ ಸದ್ದು... ಕೆಲವು ದಿನ ಸಿಟ್ಟೂ ಬರುತ್ತಿತ್ತು.

ಹಾಗೊಂದು ದಿನ ಅವರು ಕೆಂಗಂದು ಬಣ್ಣ ಹಚ್ಚುತ್ತಿದ್ದರು. ಮೊದಲನೇ ಕೋಟು ಸರಿಬರಲಿಲ್ಲವೆಂದು ಉಜ್ಜಿ ತೆಗೆದು ಮತ್ತೆ ಹಚ್ಚುತ್ತಿದ್ದರು. ನಾನು ಅಂದುಬಿಟ್ಟೆ, "ಅತ್ತಿಗೆ ಕಾಣೋದಿಲ್ಲಲ್ಲ ಮಾಮ, ಬಣ್ಣ ಯಾಕೆ ಇಷ್ಟು?"

ಅತ್ತಿ ಬಾಗಿಲ ಹಿಂದೆಯೇ ಕುಳಿತಿದ್ದನ್ನು ನೋಡಿರಲಿಲ್ಲ. ಮಾಮ ಮತ್ತೆ ಬ್ರಷ್ಷು ಅದ್ದಿದರು. ಆ ವೇಳೆಗೆ ಅತ್ತಿಯ ಇನ್ನೊಂದು ಕಣ್ಣೂ ಹೋಗಿತ್ತು. ಮರುದಿನ ಕ್ಷಮೆ ಕೇಳಲು ಹೋದರೆ ಅತ್ತಿ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ನೀ ಖರೇನೇ ಹೇಳೀದಿ. ನನಗ ಅದು ಬ್ಯಾಡ ತಂಗಿ. ನಾ ಮುಟ್ಟೋದೂ ಇಲ್ಲ. ನನಗ ಒಂದು ಗಂಡು ಕೂಸು ಹುಟ್ಟಿತ್ತು, ಗೊತ್ತೈತಿ? ಒಂಬತ್ತು ದಿನ ಇತ್ತು. ಅದು ಹೋದ ದಿನ ಇವರು ಆ ಡಬ್ಬಿಯೊಳಗಿದ್ರು. ಬರಾತನಕ ಇಡಾಕ ಆಗ್ತೈತೇನು? ಮಣ್ಣು ಮಾಡಿ ಬಂದ್ರು. ಇವರು ಬಂದಾಗ ಕೂಸೂ ಇರಲಿಲ್ಲ, ತೊಟ್ಲಾನೂ ಇರಲಿಲ್ಲ."

ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎಂದೂ ಎತ್ತಿರಲಿಲ್ಲವಂತೆ.

ಡಬ್ಬಿ ಮುಗಿಯಿತು. ಎರಡಡಿ ಉದ್ದ, ಎತ್ತಲು ಎರಡು ಕೈ ಬೇಕು. ಅದನ್ನು ಮೇಜಿನ ಮೇಲೆ ಇಟ್ಟರು. ಅತ್ತಿ ಮುಟ್ಟಲಿಲ್ಲ. ಗೋಡೆ ಹಿಡಿದು ನಡೆಯುವಾಗ ಮೇಜು ಬಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಮಾಮ ಒತ್ತಾಯ ಮಾಡಲಿಲ್ಲ. ದಿನಾ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದರು. ಎರಡು ತಿಂಗಳು ಹೀಗೇ ಹೋಯಿತು.

ಒಂದು ಮಧ್ಯಾಹ್ನ ನಾನು ಅಲ್ಲೇ ಮೆಂತೆ ಸೋಸುತ್ತಾ ಕುಳಿತಿದ್ದೆ. ಅತ್ತಿ ಎದ್ದು ಮೇಜಿನ ಹತ್ತಿರ ಬಂದರು. "ಮ್ಯಾಲಿನ ಮುಚ್ಚಳ ತಗೀರಿ" ಎಂದರು. ಮಾಮ ಗಡಬಡಿಸಿ ಎದ್ದು ಛಾವಣಿ ಎತ್ತಿದರು. ಅತ್ತಿಯ ಬೆರಳು ಒಳಗಿಳಿಯಿತು.

"ಇದೇನು?"

"ಬ್ರೇಕಿನ ಚಕ್ರ."

"ಫ್ಯಾನ್ ಎಲ್ಲೈತಿ?"

"ಇಲ್ಲ."

"ಸಂಡಾಸ?"

"ಇಲ್ಲ."

"ಮತ್ತ ಹೆಂಗಿರ್ತಿದ್ರಿ?"

"ಹಂಗ ಇರ್ತಿದ್ದೆ."

ಬೆರಳು ಬೆಂಚಿಗೆ ಬಂದು ನಿಂತಿತು. "ಅವತ್ತೂ ಇಲ್ಲೇ ಕುಂತಿದ್ರೇನು?"

ಮಾಮ ಎತ್ತಿದ ಛಾವಣಿಯನ್ನು ಕೆಳಗಿಟ್ಟರು. "ಇಲ್ಲೇ. ಬ್ಯಾರೆ ಗಾಡಿ ದಾಟಲಿ ಅಂತ ಬಾಜೂಕ ಲೂಪ್ ಲೈನಿಗೆ ಹಾಕಿಬಿಟ್ಟಿದ್ರು. ಆರು ತಾಸು. ಸ್ಟೇಷನ್ನಿನವ್ರು ಓಡಿ ಬಂದು ಸುದ್ದಿ ಹೇಳಿದ್ರು. ರೈಲು ಬಿಟ್ಟು ಹೋಗಂಗಿಲ್ಲಲ್ಲ... ಇಲ್ಲೇ ಕುಂತಿದ್ದೆ."

ಅತ್ತಿ ಬೆಂಚಿನ ಮೇಲಿಂದ ಬೆರಳು ತೆಗೆಯಲಿಲ್ಲ. ನಾನು ಎದ್ದು ಹೋಗಬೇಕಿತ್ತು, ಆದರೆ ಮಡಿಲ ತುಂಬ ಮೆಂತೆಯ ಸೊಪ್ಪಿತ್ತು. ಅತ್ತಿ ಮತ್ತೆ ಕೇಳಿದರು.

"ನನ್ನ ಬುತ್ತಿ ಎಲ್ಲಿಡ್ತಿದ್ರಿ?"

"ಬಾಗಿಲ ಬಾಜೂಕ ಮೊಳಿ ಇತ್ತು. ಅದಕ್ಕ ತೂಗಹಾಕ್ತಿದ್ದೆ."

ಅತ್ತಿ ತಡವಿ ನೋಡಿದರು. "ಮೊಳಿ ಇಲ್ಲಲ್ಲ ಇಲ್ಲಿ."

ಮಾಮ ಬಗ್ಗಿ ನೋಡಿದರು. ನಿಜವಾಗಿಯೂ ಇರಲಿಲ್ಲ. ಅಷ್ಟು ರಿವಿಟ್ಟು ನೆನಪಿಟ್ಟವರು ಅದೊಂದನ್ನು ಮರೆತಿದ್ದರು. ಒಂದು ಗುಂಡುಸೂಜಿ ತಂದು, ಅತ್ತಿಯ ಬೆರಳು ಎಲ್ಲಿತ್ತೋ ಅಲ್ಲೇ ಒತ್ತಿ ಕೂರಿಸಿದರು. "ಹಾಂ, ಈಗ ಸರಿ" ಎಂದರು ಅತ್ತಿ. ಆಮೇಲೆ ಅವರು ದಿನಾ ಮಧ್ಯಾಹ್ನ ಆ ಡಬ್ಬಿಯ ಮುಂದೆ ಕೂರುವುದು, ಕೇಳುವುದು, ಮಾಮ ಹೇಳುವುದು... ಮೂವತ್ತು ವರ್ಷದ ಬಾಕಿ ಮಾತು. ಅದು ಹದಿನಾಲ್ಕು ತಿಂಗಳು ನಡೆಯಿತು. ಕಿಡ್ನಿ ಕೈಕೊಟ್ಟು ಅತ್ತಿ ತೀರಿಕೊಂಡರು.

ಮಾಮ ಕಂಪ್ಲಿಗೆ ತಮ್ಮನ ಮನೆಗೆ ಹೋದರು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. "ಬರ್ರಿ ಟೀಚರಮ್ಮ, ಕಂಪ್ಲಿ ಏನ್ ಭಾಳ ದೂರಿಲ್ಲ" ಎಂದರು. ನಾನು ಹೋಗಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ಚುನಾವಣೆ ಡ್ಯೂಟಿ, ಆಮೇಲೆ ಅಭ್ಯಾಸ ತಪ್ಪಿತು. ಮೂರು ವರ್ಷದ ಹಿಂದೆ ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದೇ ಎರಡು ತಿಂಗಳ ಮೇಲೆ. ಆಗಲೂ ಹೋಗಲಿಲ್ಲ.

ರಂದಾದ ವಾಸನೆ ಹಿಡಿದ ಆ ಗುರುವಾರದಿಂದ ಡಬ್ಬಿ ತಲೆ ಬಿಟ್ಟು ಹೋಗಲಿಲ್ಲ. ಕೊಡುತ್ತಾರೇನೋ ಕೇಳೋಣವೆಂದು ಮೊನ್ನೆ ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ತಮ್ಮನ ಸೊಸೆ ಬಾಗಿಲು ತೆರೆದಳು. ಕುಂದ್ರಿ ಎಂದು ನೀರು ಕೊಟ್ಟಳು. ಡಬ್ಬಿಯ ವಿಷಯ ಕೇಳಿದೆ.

"ಅಟ್ಟದ ಮ್ಯಾಲೆ ಇಟ್ಟಿದ್ವಿರಿ. ಮಳಿ ನೀರು ಸೋರಿ ಎಲ್ಲಾ ಬಿಚ್ಚಿಕೊಂಡಿತ್ತು. ನೀರೊಲಿಗೆ ಹಾಕಿಬಿಟ್ವಿ. ಬೇಕಿತ್ತೇನ್ರಿ?"

"ಇಲ್ಲಮ್ಮ, ಸುಮ್ನೆ ಕೇಳಿದೆ" ಎಂದೆ. ಅವಳ ಮೇಲೆ ಸಿಟ್ಟು ಬರಲಿಲ್ಲ. ಅದು ಏನೆಂದು ಅವಳಿಗೆ ಯಾರು ಹೇಳಿದ್ದರು?

"ಅವರು ನಿಮಗ ಏನಾಗಬೇಕ್ರಿ?"

"ಏನೂ ಆಗಬೇಕಿಲ್ಲ. ಬಾಜೂ ಮನೆಯಲ್ಲಿದ್ದೆ."

ಅವಳು ಖಾಲಿ ಲೋಟ ಎತ್ತಿಕೊಂಡಳು. "ಉಂಡು ಹೋಗ್ರಿ ಹಂಗಾರ. ನಮ್ಮ ದೊಡ್ಡ ಮಾವನ್ನ ಕೇಳ್ಕೊಂಡು ಬಂದವರು ನೀವೊಬ್ರೇ."

ಉಂಡು ಬಂದೆ. ಹೊಸಪೇಟೆಗೆ ಬಂದಾಗ ಸಂಜೆಯಾಗಿತ್ತು. ಮೂರು ವರ್ಷ ಮೊದಲೇ ಹೋಗಬೇಕಿತ್ತು... ಕಾಲು ನೋಯುತ್ತಿದ್ದವು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತೆ, ಎದ್ದು ಮನೆಗೆ ಹೋಗಲು ಬಹಳ ಹೊತ್ತು ಬೇಕಾಯಿತು.